ಮಧ್ಯಮ ದರದ ಗೌಡರು

ಸಿಯಾಟಲ್ ಸುತ್ತಮುತ್ತ ನಾಲ್ಕು ಕನ್ನಡ ಮನೆಯವರು ಸೇರಿದ ಕಡೆ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ, ಬಾಯಲ್ಲಿ ಗಾಳದ ಮಾತು. ಊರು ತೀರ್ಥಹಳ್ಳಿ ಕಡೆ, ಕೆಲಸ ಸಾಫ್ಟ್‌ವೇರು, ಹವ್ಯಾಸ ಫ್ಲೈ ಫಿಶಿಂಗ್. ಹೆಸರು ಬೇಡ, ಗೌಡರು ಎನ್ನೋಣ. ಯಾರದೋ ಎರವಲು ಕೋಲು ಹಿಡಿದು ವರ್ಷಕ್ಕೆ ಎರಡು ಸಲ ಸ್ನೋಕ್ವಾಲ್ಮಿ ಘಟ್ಟ ದಾಟಿ ಯಾಕಿಮಾ ನದಿಗೆ ಹೋಗುತ್ತಾರೆ. ಉಳಿದಷ್ಟೂ ದಿನ ಸ್ವಂತ ಕೋಲು ಆರಿಸುತ್ತಾರೆ.

ಅವರ ಬೇಡಿಕೆ ಸರಳ. ‘ತೀರಾ ದುಬಾರಿ ಬೇಡ, ತೀರಾ ಅಗ್ಗದ್ದೂ ಬೇಡ.’ ಇದಕ್ಕೆ ಅಂಗಡಿಯವನ ಉತ್ತರವೂ ಸರಳವೇ: ಒಂಬತ್ತು ಅಡಿ ಉದ್ದದ, ಐದು ವೇಟಿನ, ನಾಲ್ಕು ತುಂಡಾಗಿ ಬಿಚ್ಚಿಡಬಹುದಾದ ಕಾರ್ಬನ್ ಕೋಲು. ಆ ಕಡೆಯ ಟ್ರೌಟ್ ಮೀನಿಗೆ ಇದಕ್ಕಿಂತ ಬೇರೆ ಕೋಲು ಹುಡುಕಬೇಕಾದ ಸಂದರ್ಭ ಕಡಿಮೆ. ಸುಮಾರು ಇನ್ನೂರೈವತ್ತು ಡಾಲರಿಗೆ ಒಳ್ಳೆಯದೇ ಸಿಗುತ್ತದೆ. ಗೌಡರು ತಲೆಯಾಡಿಸಿ, ಥ್ಯಾಂಕ್ಸ್ ಹೇಳಿ, ಮನೆಗೆ ಬಂದು ಎಕ್ಸೆಲ್ ಹಾಳೆ ತೆರೆಯುತ್ತಾರೆ. ಒಂದೇ ಮಾತಿನಲ್ಲಿ ಮುಗಿದುಹೋದ ಉತ್ತರದ ಮೇಲೆ ಅವರಿಗೆ ನಂಬಿಕೆಯಿಲ್ಲ.

ಆರ್ವಿಸ್ ಕಂಪನಿ ತನ್ನ ಕೋಲಿಗೆ 25 ವರ್ಷದ ಗ್ಯಾರಂಟಿ ಕೊಡುತ್ತದೆ. ಗೌಡರು ಭಾಗಿಸಿದರು. ವರ್ಷಕ್ಕೆರಡು ಸಲದಂತೆ ಐವತ್ತು ಸಲ. ಸಲಕ್ಕೆ ಐದು ಡಾಲರು, ಒಂದು ಕಾಫಿಯ ದುಡ್ಡು. ಹಾಗಾದರೆ ಸಾವಿರ ಡಾಲರಿನ ಸೇಜ್ ಕಂಪನಿಯ ಕೋಲಾದರೆ? ಇಪ್ಪತ್ತು ಡಾಲರು, ಒಂದು ಪಿಜ್ಜಾ. ಅದನ್ನು ಮಾಡುವುದೂ ಸಿಯಾಟಲ್‌ನಿಂದ ಫೆರಿ ಹತ್ತಿ ಹೋಗಬಹುದಾದ ಬೇನ್‌ಬ್ರಿಜ್ ದ್ವೀಪದಲ್ಲೇ, ನಮ್ಮೂರ ಮಾಲೇ ಅಲ್ಲವೆ? ಹೀಗೆ ಮಧ್ಯಮ ದರ ದಿನಕ್ಕಿಷ್ಟು ಮೇಲೇರಿತು. ‘ರೀ, ಹೋಗದೇ ಇದ್ದ ಸಲದ ಪಿಜ್ಜಾ ಯಾರ ಲೆಕ್ಕಕ್ಕೆ?’ ಎಂದು ಮನೆಯಾಕೆ ಕೇಳಿದ ದಿನ ಅದು ಇಳಿದು ಮೊದಲಿದ್ದಲ್ಲಿಗೇ ಬಂತು.

ಆಮೇಲೆ ರೀಲು. ಕೋಲಿಗೂ ರೀಲಿಗೂ ಗಂಡುಹೆಣ್ಣಿನ ಜಾತಕ ಹೊಂದಿಸುವಂತೆ ತೂಕ, ಸುತ್ತಳತೆ, ಬ್ರೇಕು ಎಲ್ಲ ಕೂಡಿಸಿ ನೋಡಿದರು. ಒಂದಡಿ ಉದ್ದದ ಟ್ರೌಟನ್ನು ಹೆಚ್ಚಿನವರು ದಾರ ಕೈಯಲ್ಲೇ ಎಳೆದು ತರುತ್ತಾರೆ. ರೀಲಿನ ಕೆಲಸ ಹೆಚ್ಚಾಗಿ ದಾರ ಸುತ್ತಿಟ್ಟುಕೊಳ್ಳುವುದು. ಗೌಡರು ಕೊಂಡದ್ದು ಉಪ್ಪುನೀರು ಒಳಗೆ ನುಗ್ಗದಂತೆ ಮುಚ್ಚಿದ ಡಿಸ್ಕ್ ಬ್ರೇಕಿನ ರೀಲು. ‘ಇರಲಿ, ಮುಂದೆ ಸಮುದ್ರಕ್ಕೂ ಹೋಗಬಹುದು’ ಎಂದರು. ಅವರಿಗೆ ದೋಣಿ ಹತ್ತಿದರೆ ವಾಂತಿ.

ಉಳಿತಾಯ ಮಾಡಿದ್ದು ದಾರದಲ್ಲಿ. ನನಗೆ ಸಂಕಟವಾಗುವುದು ಇಲ್ಲೇ. ನಮ್ಮ ಗಾಳದಲ್ಲಿ ಸೀಸದ ಗುಂಡಿನ ಭಾರ ದಾರವನ್ನು ಎಳೆದೊಯ್ಯುತ್ತದೆ. ಫ್ಲೈ ಫಿಶಿಂಗಿನಲ್ಲಿ ಪುಕ್ಕ, ರೋಮ ಕಟ್ಟಿದ ಹುಸಿ ನೊಣಕ್ಕೆ ತೂಕವೇ ಇಲ್ಲ. ದಾರದ ತೂಕವೇ ಅದನ್ನು ಹೊತ್ತೊಯ್ಯಬೇಕು. ಐದು ವೇಟ್ ಎಂದರೂ ದಾರದ್ದೇ ಅಳತೆ: ಮೊದಲ ಮೂವತ್ತು ಅಡಿ ದಾರ ಸುಮಾರು ಒಂಬತ್ತು ಗ್ರಾಂ ತೂಗಬೇಕು. ದಾರ ಕೆಟ್ಟದಾದರೆ ಸಾವಿರ ಡಾಲರಿನ ಕೋಲೂ ಹಿತ್ತಲ ಬಿದಿರೇ. ಗೌಡರು ಸೇಲಿನಲ್ಲಿ ಮೂಲೆಗೆ ಬಿದ್ದಿದ್ದ ಸುರುಳಿಯೊಂದನ್ನು ತಂದರು.

ಬಿದಿರಿನ ಮಾತು ತೆಗೆದವರು ಅಪ್ಪಯ್ಯ. ಮುಂಗಾರಿನ ಮೊದಲ ನೀರಿಗೆ ಹತ್ತುಮೀನು ಹಿಡಿದು ಬೆಳೆದವರು, ತೀರ್ಥಹಳ್ಳಿಯಿಂದ ಫೋನಿನಲ್ಲಿ ಕೇಳಿದರು:

‘ಗಾಳದ ಕೋಲಿಗೆ ಇಪ್ಪತ್ತು ಸಾವಿರ ರೂಪಾಯಾ? ಅಲ್ಲಿ ಬಿದಿರು ಸಿಗಲ್ವೇನೋ?’

‘ಸಿಗುತ್ತೆ ಅಪ್ಪಯ್ಯ. ಬಿದಿರಿಂದು ಲಕ್ಷದ ಮೇಲೆ.’

ಇದು ಸುಳ್ಳಲ್ಲ. ಚೀನಾದ ಟಾಂಕಿನ್ ಬಿದಿರನ್ನು ಸೀಳಿ, ಅಂಟಿಸಿ, ಕೈಯಲ್ಲೇ ಮಾಡಿದ ಕೋಲಿಗೆ ಅಮೆರಿಕದಲ್ಲಿ ಸಾವಿರಾರು ಡಾಲರು. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಎರೆಹುಳ ಆದ್ರೂ ಸಿಗುತ್ತಾ?’

‘ಹಾಕೋ ಹಾಗಿಲ್ಲ. ಆ ಹೊಳೇಲಿ ನಿಷೇಧ. ಕೊಕ್ಕೆಗೆ ಮುಳ್ಳೂ ಇರಬಾರದು.’

‘ಮೀನು? ಸಾರಾ, ಹುರಿಯೋದಾ?’

‘ಟ್ರೌಟ್ ಹಿಡಿದರೆ ವಾಪಸ್ ನೀರಿಗೇ ಬಿಡಬೇಕು.’

ಅಪ್ಪಯ್ಯ ಫೋನನ್ನು ಅಮ್ಮನ ಕೈಗೆ ಕೊಟ್ಟರು.

ಎಲ್ಲ ಸಿದ್ಧವಾದದ್ದು ಮಾರ್ಚ್ ಮಧ್ಯದಲ್ಲಿ. ಅದೇ ಉತ್ಸಾಹದಲ್ಲಿ ಗೌಡರು ವರ್ಷದ ಲೈಸನ್ಸನ್ನೂ ಕೊಂಡರು. ವಾಷಿಂಗ್ಟನ್ ರಾಜ್ಯದಲ್ಲಿ ಮೀನಿನ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ, ನಮ್ಮ ಸರಕಾರದ ಬಜೆಟ್ಟಿನ ಥರವೇ. ಮೂವತ್ತೊಂದು ಕಾಲಮ್ಮಿನ ಎಕ್ಸೆಲ್ ಹಾಳೆಯಲ್ಲಿ ಈ ತಾರೀಕಿಗೆ ಜಾಗವಿರಲಿಲ್ಲ. ಉಳಿದ ಎರಡು ವಾರವೂ ಮಳೆ.

ಹಿತ್ತಲ ಹುಲ್ಲಿನ ಮೇಲೆ, ಕೊಕ್ಕೆಯ ಬದಲು ಉಣ್ಣೆಯ ಚೂರು ಕಟ್ಟಿ ದಿನಕ್ಕೆ ಹದಿನೈದು ನಿಮಿಷ ದಾರ ಬೀಸಿ ಕಲಿಯಬಹುದಿತ್ತು. ಅದಕ್ಕೆ ಲೈಸನ್ಸು ಬೇಡ, ಗ್ಯಾರಂಟಿ ಬೇಡ, ಇನ್ನೂರೈವತ್ತರ ಕೋಲು ಧಾರಾಳ ಸಾಕು. ಆದರೆ ಪಕ್ಕದ ಮನೆಯವರು ನೋಡುತ್ತಾರೆಂದು ಗೌಡರಿಗೆ ನಾಚಿಕೆ. ಈಗ ಕೋಲು ಕೊಳವೆ ಡಬ್ಬಿಯೊಳಗಿದೆ. ಅವರ ಎಕ್ಸೆಲ್‌ನಲ್ಲಿ ಹೊಸ ಹಾಳೆಯೊಂದು ತೆರೆದಿದೆ: ನದಿಯೊಳಗೆ ನಿಲ್ಲಲು ಹಾಕುವ ರಬ್ಬರ್ ಪ್ಯಾಂಟು, ಮಧ್ಯಮ ದರದ್ದು.

ಮುಂದಿನ ಯುಗಾದಿ ಊಟದಲ್ಲಿ ಅವರು ನಿಮ್ಮ ಪಕ್ಕ ಕೂತರೆ ಸಂಕೋಚವಿಲ್ಲದೆ ಕೇಳಿ, ಆ ಕೋಲನ್ನು ಎರವಲು ಕೊಡುತ್ತಾರೆ. ದಾರ ಮಾತ್ರ ನೀವೇ ಒಳ್ಳೆಯದು ಕೊಂಡುಕೊಳ್ಳಿ.