ಲ್ಯೂಮೆನ್ ರಾಯರು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇವರೊಬ್ಬರು ಸಿಗುತ್ತಾರೆ. ನಿವೃತ್ತಿಯಾಗಿರುತ್ತದೆ, ಪಿ.ಎಫ್. ದುಡ್ಡು ಕೈಗೆ ಬಂದಿರುತ್ತದೆ, ಮಗ ಹೊರದೇಶದಲ್ಲಿರುತ್ತಾನೆ. ಇಂಥ ಹೊತ್ತಿನಲ್ಲಿ ಕೆಲವರು ಕಾಶಿಗೆ ಹೋಗುತ್ತಾರೆ, ಕೆಲವರು ಹೋಮಿಯೋಪತಿ ಕಲಿತು ನೆರೆಹೊರೆಯವರ ಮೇಲೆ ಪ್ರಯೋಗಿಸುತ್ತಾರೆ. ರಾಯರು ಮನೆಯಲ್ಲೇ ಚಿತ್ರಮಂದಿರ ಕಟ್ಟಲು ಹೊರಡುತ್ತಾರೆ. ಅಪ್ಪ-ಅಮ್ಮ ಇಟ್ಟ ಹೆಸರು ಬೀದಿಗೆ ಮರೆತುಹೋಗಿ ಲ್ಯೂಮೆನ್ ರಾಯರು ಎಂಬುದೇ ಖಾಯಮಾಗುತ್ತದೆ.

ಅವರನ್ನು ಗುರುತಿಸುವುದು ಸುಲಭ. ಗೃಹಪ್ರವೇಶಕ್ಕೆ ಕರೆದರೆ, ಉಳಿದವರು ದೇವರಮನೆ, ಅಡುಗೆಮನೆ ನೋಡುವಾಗ ಇವರು ಹಾಲ್‌ನ ಖಾಲಿ ಗೋಡೆಯೆದುರು ನಿಂತು ಗೇಣು ಹಾಕುತ್ತಿರುತ್ತಾರೆ. "ನೂರಿಪ್ಪತ್ತು ಆರಾಮಾಗಿ ಕೂರತ್ತೆ" ಎನ್ನುತ್ತಾರೆ. ಮನೆಯ ಯಜಮಾನ ಪಾಪ, ಪಂಕ್ತಿಯ ಲೆಕ್ಕವೆಂದುಕೊಂಡು, "ಇಲ್ಲ ಸಾರ್, ಊಟ ಟೆರೇಸ್ ಮೇಲೆ" ಎಂದು ಕೈಮುಗಿಯುತ್ತಾನೆ.

ಈ ಕಾಯಿಲೆಯ ಮೂಲ ಗಾಂಧಿನಗರದಲ್ಲಿದೆ. ಕಪಾಲಿ ಚಿತ್ರಮಂದಿರದ ಭಾರಿ ಪರದೆಯನ್ನು ಮುಂದಿನ ಸಾಲಿನಿಂದ ಕತ್ತೆತ್ತಿ ನೋಡಿದ ಹುಡುಗ ರಾಯರೊಳಗೆ ಇನ್ನೂ ಕುಳಿತಿದ್ದಾನೆ. ಕಪಾಲಿ ಈಗಿಲ್ಲ. ಅದನ್ನು 12 ಅಡಿ ಅಗಲದ ಹಾಲ್‌ನಲ್ಲಿ ಎಬ್ಬಿಸಿ ನಿಲ್ಲಿಸುವುದು ಅವರ ಸಂಕಲ್ಪ. ಹಾಗಾಗಿ ಅವರು ಮೊದಲು ತರುವುದು ಸ್ಕ್ರೀನನ್ನು: 150 ಇಂಚು, ಒಂದಿಂಚೂ ಕಡಿಮೆಯಿಲ್ಲ. ಈ ಇಂಚನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ. ಅಡ್ಡ ಹಿಡಿದರೆ ಹೆಚ್ಚುಕಡಿಮೆ 10 ಅಡಿ 10 ಇಂಚು, ಎತ್ತರ ಆರಡಿ ಚಿಲ್ಲರೆ. ಅದೇ ಗೋಡೆಯಲ್ಲಿ ಅಡುಗೆಮನೆಯ ಬಾಗಿಲೂ ಇದೆಯೆಂಬುದು ಮೊಳೆ ಹೊಡೆದಾದ ಮೇಲೆ ನೆನಪಾಗುತ್ತದೆ. ಈಗ ಅಲ್ಲಿಂದ ಕಾಫಿ ಬರಬೇಕಾದರೆ ರಿಮೋಟ್ ಒತ್ತಿ ಸ್ಕ್ರೀನ್ ಮೇಲಕ್ಕೆ ಸುತ್ತಿಸಬೇಕು. "ರೀ, ಎತ್ರೀ, ಆರ್ತಿದೆ" ಎಂದು ಒಳಗಿನಿಂದ ಕೂಗು ಬರುತ್ತದೆ. ಸ್ಕ್ರೀನ್ ಏರುತ್ತದೆ, ತಟ್ಟೆ ಹಿಡಿದ ರಾಯರ ಹೆಂಡತಿ ಪ್ರವೇಶಿಸುತ್ತಾರೆ, ಖಳನಾಯಕನ ಮೀಸೆ ಅವರ ಸೆರಗಿನ ಮೇಲೆ ಮೂಡುತ್ತದೆ.

ಸ್ಕ್ರೀನ್ ಬಂದ ಮೇಲೆ ಬೆಳಕಿನ ಚಿಂತೆ. ರಾಯರ ಮೊದಲ ಪ್ರೊಜೆಕ್ಟರ್ ಆನ್‌ಲೈನ್‌ನಲ್ಲಿ ಮಿಕ್ಸಿಯ ಬೆಲೆಗೆ ಸಿಕ್ಕಿತ್ತು. ಬೆಳಕನ್ನು ಅಳೆಯುವುದು ಲ್ಯೂಮೆನ್‌ನಲ್ಲಿ; ಡಬ್ಬದ ಮೇಲೆ '9000 ಲ್ಯೂಮೆನ್' ಎಂದು ಬರೆದಿತ್ತು. ಗೋಡೆಯ ಮೇಲೆ ಬಿದ್ದದ್ದು ಬೀದಿದೀಪ ಕೆಟ್ಟ ರಾತ್ರಿಯ ಬೆಳದಿಂಗಳಿನಷ್ಟು. ಸರಿಯಾಗಿ ಅಳೆಯುವವರು ಸ್ಕ್ರೀನನ್ನು ಒಂಬತ್ತು ಭಾಗ ಮಾಡಿ, ಪ್ರತಿ ಭಾಗದಲ್ಲೂ ಬೆಳಕು ನೋಡಿ ಸರಾಸರಿ ತೆಗೆದು, ಸ್ಕ್ರೀನಿನ ವಿಸ್ತೀರ್ಣದಿಂದ ಗುಣಿಸುತ್ತಾರೆ. ಅದಕ್ಕೆ ಆನ್ಸಿ ಲ್ಯೂಮೆನ್ ಎನ್ನುತ್ತಾರೆ. ಆ ಮಾತಿಲ್ಲದೆ ಡಬ್ಬದ ಮೇಲೆ ಅಚ್ಚಾದ ಅಂಕಿ, ಮದುವೆ ಬ್ರೋಕರ್ ಹೇಳುವ ಹುಡುಗನ ಸಂಬಳವಿದ್ದ ಹಾಗೆ.

ಎರಡನೆಯ ಪ್ರೊಜೆಕ್ಟರ್ ಒಳ್ಳೆಯ ಕಂಪನಿಯದು, ನಿಜಕ್ಕೂ ದುಬಾರಿ. ಆಗ ಲೆಕ್ಕ ಬಲ್ಲ ಸೋದರಳಿಯನೊಬ್ಬ ಮನೆಗೆ ಬಂದ.

"ಮಾವ, ಸಿನಿಮಾ ಮೋಡ್‌ಗೆ ಹಾಕಿದ್ರೆ ಇದರಿಂದ ಸುಮಾರು 1500 ಲ್ಯೂಮೆನ್ ಬರತ್ತೆ. ನಿಮ್ಮ ಸ್ಕ್ರೀನು 67 ಚದರಡಿ. ಭಾಗಿಸಿದ್ರೆ ಚದರಡಿಗೆ 22. ಲ್ಯಾಂಪ್ ಹಳೇದಾಗ್ತಾ ಬೆಳಕು ಅರ್ಧಕ್ಕೆ ಇಳಿಯತ್ತೆ. ಆಗ 11. ಥಿಯೇಟರ್‌ನಲ್ಲೇ 14 ಇರ್ಬೇಕು ಅಂತ ನಿಯಮ."

"ಅದಕ್ಕೇನು ಮಾಡೋದಪ್ಪಾ?"

"100 ಇಂಚಿಗೆ ಇಳೀರಿ. 30 ಚದರಡಿ ಅಷ್ಟೇ. ಇದೇ ಪ್ರೊಜೆಕ್ಟರ್‌ಗೆ 50 ಬರತ್ತೆ. ಮೂಲೆಯಿಂದ ಮೂಲೆಗೆ ಒಂದೂವರೆ ಪಟ್ಟಾದ್ರೆ ಜಾಗ ಎರಡೂಕಾಲು ಪಟ್ಟಾಗತ್ತೆ ಮಾವ, ಬೆಳಕು ಮಾತ್ರ ಇದ್ದಷ್ಟೇ ಇರತ್ತೆ."

ರಾಯರು ಗಂಭೀರವಾಗಿ ಕೇಳಿಸಿಕೊಂಡರು. ಮರುದಿನವೇ ಮೂರನೆಯ ಪ್ರೊಜೆಕ್ಟರಿಗೆ ಅಡ್ವಾನ್ಸ್ ಕೊಟ್ಟರು. ಇಳಿಯುವುದು ಅವರ ಜಾತಕದಲ್ಲಿಲ್ಲ.

ಕತ್ತಲೆಯ ವಿಷಯಕ್ಕೆ ಬಂದರೆ ಪ್ರತಿಪಕ್ಷ ಬಲವಾಗಿದೆ. ದೇವರಮನೆ ಹಾಲ್‌ಗೇ ತೆರೆದುಕೊಂಡಿದೆ, ಅಲ್ಲಿ ನಂದಾದೀಪ. "ನಿಮ್ಮ ಪಿಚ್ಚರ್‌ಗೋಸ್ಕರ ದೇವರ ದೀಪ ಆರಿಸ್ಬೇಕೇನ್ರೀ?" ಎಂಬ ಪ್ರಶ್ನೆಗೆ ಯಾವ ಕಂಪನಿಯ ಕೈಪಿಡಿಯಲ್ಲೂ ಉತ್ತರವಿಲ್ಲ. ದೇವರಮನೆಗೆ ಬಾಗಿಲು ಹಾಕಿಸಿದ್ದಾಯಿತು. ಅಷ್ಟರಲ್ಲಿ ಸೊಪ್ಪು ಬಿಡಿಸಲು ಟ್ಯೂಬ್‌ಲೈಟ್ ಹತ್ತಿತು: "ಕತ್ತಲಲ್ಲಿ ಹುಳ ಕಾಣಲ್ಲ." ಸೊಪ್ಪು ಬಿಡಿಸುವವರ ಪಕ್ಷವೇ ಸರಿಯೆಂದು ನನ್ನ ಅಭಿಪ್ರಾಯ, ಆದರೆ ರಾಯರ ಸಂಕಟವೂ ಸುಳ್ಳಲ್ಲ. ಪ್ರೊಜೆಕ್ಟರಿಗೆ ಕಪ್ಪು ಎಸೆಯಲು ಬರುವುದಿಲ್ಲ. ಬೆಳಕು ಬೀಳದ ಜಾಗವೇ ಅದರ ಕಪ್ಪು. ಅಲ್ಲಿಗೆ ಟ್ಯೂಬ್‌ಲೈಟ್ ಬಿದ್ದರೆ ಮುಗಿಯಿತು. ಲ್ಯೂಮೆನ್ ಏರಿಸಿದರೆ ಬಿಳಿ ಇನ್ನಷ್ಟು ಬೆಳಗೀತು, ಕಪ್ಪು ಕಪ್ಪಾಗದು. ಅಮಾವಾಸ್ಯೆಯ ಸ್ಮಶಾನದ ದೃಶ್ಯವೂ ರಾಯರ ಮನೆಯಲ್ಲಿ ಮೋಡ ಕವಿದ ಮಧ್ಯಾಹ್ನ. ಅಚ್ಚ ಬಿಳಿ ಸೀಲಿಂಗು, ಕನ್ನಡಿಯಂತೆ ಹೊಳೆಯುವ ಟೈಲ್ಸು, ಇವೆರಡೂ ಸ್ಕ್ರೀನಿನ ಬೆಳಕನ್ನೇ ಮರಳಿ ಸ್ಕ್ರೀನಿಗೆ ಹೊಡೆಯುತ್ತವೆ. ಸೀಲಿಂಗಿಗೆ ಕಪ್ಪು ಬಣ್ಣ ಹೊಡೆಸುವ ಪ್ರಸ್ತಾಪ ಒಮ್ಮೆ ಬಂದು, ಅಂದೇ ರಾತ್ರಿ ಊಟಕ್ಕೆ ಮುಂಚೆ ಬಿದ್ದುಹೋಯಿತು.

ಫ್ಯಾನಿನದು ಬೇರೆ ಕಥೆ. ಅಷ್ಟು ಅಗಲದ ಚಿತ್ರ ಬೀಳಬೇಕಾದರೆ ಪ್ರೊಜೆಕ್ಟರ್ ಹದಿನಾರಡಿ ಹಿಂದಿರಬೇಕು. ನಡುವೆ ಸೀಲಿಂಗ್ ಫ್ಯಾನ್. ತಿರುಗಿದರೆ ನಾಯಕಿಯ ಮುಖದ ಮೇಲೆ ರೆಕ್ಕೆಯ ನೆರಳು, ನಿಲ್ಲಿಸಿದರೆ ಪ್ರೇಕ್ಷಕರ ಬೆನ್ನ ಮೇಲೆ ಬೆವರು. ಬೇಸಿಗೆಯಲ್ಲಿ ರಾಯರ ಮನೆಯಲ್ಲಿ ಕ್ಲೈಮ್ಯಾಕ್ಸ್ ತನಕ ಉಳಿದವರಿಲ್ಲ. ಉಳಿದರೂ ಕಷ್ಟವೇ: ಸೋಫಾ ಇರುವುದು ಹತ್ತಡಿ ದೂರದಲ್ಲಿ. ಎಡತುದಿಯಲ್ಲಿ ಗುಂಡು ಹಾರಿಸಿದವನನ್ನು ಹುಡುಕಿ, ಬಲತುದಿಯಲ್ಲಿ ಬಿದ್ದವನತ್ತ ಕತ್ತು ತಿರುಗಿಸುವಷ್ಟರಲ್ಲಿ ಪೊಲೀಸರು ಬಂದಿರುತ್ತಾರೆ.

ಇಷ್ಟಾಗಿಯೂ ರಾಯರು ಈ ಎರಡು ವರ್ಷಗಳಲ್ಲಿ ಒಂದು ಸಿನಿಮಾವನ್ನೂ ಪೂರ್ತಿ ನೋಡಿಲ್ಲ. ಅತಿಥಿ ಬಂದರೆ ಒಂದು ಹಾಡು, ಒಂದು ಮಳೆಯ ದೃಶ್ಯ, ಒಂದು ರಾತ್ರಿಯ ದೃಶ್ಯ. "ಕಪ್ಪು ನೋಡಿ, ಕಪ್ಪು!" ಎನ್ನುತ್ತಾ ಎದ್ದು ಹೋಗಿ ಸ್ಕ್ರೀನಿನ ನಡುವೆ ನಿಲ್ಲುತ್ತಾರೆ. ಆಗ ಕಾಣುವ ಒಳ್ಳೆಯ ಕಪ್ಪು ಅವರ ನೆರಳಿನದೇ. ಮೊಬೈಲಿನಲ್ಲಿ ಬೆಳಕು ಅಳೆದು, ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ ಆರಿಸಿಬಿಡುತ್ತಾರೆ. ಒಳಕೋಣೆಯ 32 ಇಂಚಿನ ಟಿವಿಯಲ್ಲಿ ಅವರ ಹೆಂಡತಿಯ ಧಾರಾವಾಹಿ ಮಾತ್ರ ಒಂದು ಕಂತೂ ತಪ್ಪಿಲ್ಲ.

ನಿಮಗೂ ಈ ಆಸೆ ಹತ್ತಿದ್ದರೆ, ಸೋಫಾದಿಂದ ಗೋಡೆಗೆ ಟೇಪು ಹಿಡಿಯಿರಿ. ಹತ್ತಡಿ ಇದ್ದರೆ 75ರಿಂದ 100 ಇಂಚಿನ ಸ್ಕ್ರೀನ್ ಧಾರಾಳವಾಯಿತು. ಲ್ಯೂಮೆನ್‌ಗೆ ಸುರಿಯುವ ದುಡ್ಡಿನಲ್ಲಿ ಕಾಲುಭಾಗ ತೆಗೆದು ಕಿಟಕಿಗೆ ದಪ್ಪ ಕರ್ಟನ್ ಹೊಲಿಸಿ, ಸ್ಕ್ರೀನ್ ಅಕ್ಕಪಕ್ಕದ ಗೋಡೆಗೆ ಗಾಢ ಬಣ್ಣ ಹೊಡೆಸಿ. ಮತ್ತೆ, ಈ ವಿಷಯ ರಾಯರ ಕಿವಿಗೆ ಬೀಳದಂತೆ ನೋಡಿಕೊಳ್ಳಿ. ಅವರ ಹತ್ತಿರ ಮಾರಾಟಕ್ಕೆ ಎರಡು ಹಳೆಯ ಪ್ರೊಜೆಕ್ಟರುಗಳಿವೆ.