ತಪ್ಪಿದ ಸ್ವರದ ಭಾಗ್ಯ

ಏಪ್ರಿಲ್‌ನಲ್ಲಿ ಸಂತಪುರದ ಕರೆಂಟ್ ಹೋದರೆ ಮನೆಯೊಳಗೆ ಕೂತವನು ಶೂರ. ನಾನಲ್ಲ. ಮಾಳಿಗೆ ಮೇಲೆ ಹಾಸಿಕೊಂಡು ಮೊಬೈಲಿನಲ್ಲಿ ಇಟಲಿಯ ಸಂಗೀತಕಾರ ಅಲ್ಲೇಗ್ರಿಯ ‘ಮಿಸೆರೇರೆ’ ಹಚ್ಚಿದೆ. ಪಕ್ಕದ ಮಾಳಿಗೆಯಿಂದ ಕಾಕಾ ಕೂಗಿದರು: “ಯಾರರ ಸತ್ತಾರೇನ್ ತಮ್ಮಾ?”

ಊಹೆ ಪೂರ್ತಿ ತಪ್ಪಲ್ಲ. ತಪ್ಪೊಪ್ಪಿಕೊಂಡು ದೇವರ ಮುಂದೆ ಅಳುವ 51ನೇ ಕೀರ್ತನೆ ಅದು. ರೋಮಿನ ಸಿಸ್ಟೀನ್ ಚಾಪೆಲ್‌ನಲ್ಲಿ, ಈಸ್ಟರ್‌ಗೆ ಮುಂಚಿನ ವಾರ, ಮೇಣದ ಬತ್ತಿಗಳನ್ನು ಒಂದೊಂದೇ ಆರಿಸುತ್ತ ಹಾಡುತ್ತಿದ್ದದ್ದು. ನಮ್ಮಲ್ಲಿ ದೀಪಗಳು ತಾವೇ ಆರಿದ್ದವು.

ಕಾಕಾ ಹನುಮಾನ್ ಗುಡಿಯ ಭಜನೆಯಲ್ಲಿ ಪೇಟಿ ನುಡಿಸುವವರು. ಅಲ್ಲಿ ಈ ಕಡೆಯವರು ಎತ್ತಿದ್ದನ್ನು ಆ ಕಡೆಯವರು ಹಿಡಿಯುತ್ತಾರೆ. ‘ಮಿಸೆರೇರೆ’ಯಲ್ಲೂ ಎರಡು ಮೇಳ: ಒಂದರಲ್ಲಿ ಐದು ದನಿ, ಇನ್ನೊಂದರಲ್ಲಿ ನಾಲ್ಕು. ಪೇಟಿಯಿಲ್ಲ, ತಬಲಾ ಇಲ್ಲ. ಒಂದೇ ಸ್ವರಮೇಳದ ಮೇಲೆ ನಿಂತು ಸಾಲನ್ನು ಮಾತಿನಂತೆ ಹೇಳುತ್ತ ಹೋಗಿ, ಕೊನೆಯ ಪದ ಬಂದಾಗ ಜಡೆ ಬಿಚ್ಚಿದ ಹಾಗೆ ದನಿಗಳನ್ನು ಹರಿಬಿಡುತ್ತಾರೆ. ಮುಕ್ತಾಯಕ್ಕೆ ಒಂಬತ್ತೂ ಕೂಡುತ್ತವೆ. ಇದು ಹುಟ್ಟಿದ 1630ರ ದಶಕ ಅಂದರೆ ಇಟಲಿಗೆ ಒಪೆರಾದ ಹುಚ್ಚು ಹಿಡಿದ ಕಾಲ. ಅಲ್ಲೇಗ್ರಿ ಮಾತ್ರ ಎಲ್ಲರೂ ಪ್ಯಾಂಟ್ ಹಾಕಿಕೊಂಡ ಮದುವೆಗೆ ಧೋತರ ಉಟ್ಟು ಬಂದವರ ಹಾಗೆ ಹಳೆಯ ಶೈಲಿಯಲ್ಲೇ ಬರೆದ.

ಪೋಪರ ಗಾಯಕರು ಇದರ ಪ್ರತಿಯನ್ನು ಹೊರಗೆ ಬಿಡುತ್ತಿರಲಿಲ್ಲವಂತೆ. ಚಕ್ರವರ್ತಿ ಲಿಯೋಪೋಲ್ಡ್ ಹೇಗೋ ಒಂದು ತರಿಸಿ ಹಾಡಿಸಿ, ಏನೂ ರುಚಿಯಿಲ್ಲದೆ, ತನಗೆ ಮೋಸವಾಯಿತೆಂದು ಸಿಟ್ಟಾದನೆಂಬ ಕಥೆಯಿದೆ. ಮೋಸವಾಗಿರಲಿಲ್ಲ. ರುಚಿ ಇದ್ದದ್ದು ಗಾಯಕರು ಬಾಯಿಂದ ಬಾಯಿಗೆ ದಾಟಿಸಿದ ಕುಸುರಿಯಲ್ಲಿ. ಅದು ಕಾಗದಕ್ಕೆ ಇಳಿದಿರಲಿಲ್ಲ. ಇದು ನಮ್ಮ ಯಾವ ಭಜನೆಯವರಿಗೂ ಹೊಸ ಸುದ್ದಿಯಲ್ಲ. ಹೀಗೆ ಹೊರಗೆ ಬಿಡದೆ ಕಾದಿಟ್ಟದ್ದನ್ನು 1770ರಲ್ಲಿ 14 ವರ್ಷದ ಮೊಝಾರ್ಟ್ ಕೇಳಿ ಬಂದು ನೆನಪಿನಿಂದಲೇ ಬರೆದುಬಿಟ್ಟ.

ಅಷ್ಟರಲ್ಲಿ ಆ ಪ್ರಸಿದ್ಧ ತಾರಸ್ವರ ಬಂತು. ಒಂದು ಹೆಣ್ಣುದನಿ ಸೀದಾ ಚಿಕ್ಕೆಗಳ ಕಡೆ ಹಾರಿತು. ಕಾಕಾ ಎದ್ದು ಕೂತರು.

“ಇಲ್ಲಿ ಪಟ್ಟಿ ಬದಲಾತಲ್ಲೊ!”

ಪಟ್ಟಿ ಅಂದರೆ ಪೇಟಿಯವರ ಮಾತಿನಲ್ಲಿ ಶ್ರುತಿ. ನಾನು ದಂಗಾದೆ. 1831ರಲ್ಲಿ ಸಂಗೀತಕಾರ ಮೆಂಡೆಲ್ಸನ್ ಎತ್ತರದ ಶ್ರುತಿಯಲ್ಲಿ ಕೇಳಿ ಬರೆದಿಟ್ಟ ತುಣುಕೊಂದು, ಅರ್ಧ ಶತಮಾನದ ಮೇಲೆ, ಗ್ರೋವ್ ಸಂಗೀತಕೋಶದಲ್ಲಿ ಹಳೆಯ ಪಾಠಕ್ಕೆ ತಪ್ಪಿ ಹೊಲಿಗೆಯಾಗಿ ಬಂತು. ಜಗತ್ತು ಕಣ್ಣೀರಿಡುವ ಆ ಸ್ವರ ಅಲ್ಲೇಗ್ರಿಯದಲ್ಲ, ಹೊಲಿದವರದ್ದು. ಇದನ್ನು ನಾನು ಪುಸ್ತಕ ಓದಿ ತಿಳಿದಿದ್ದೆ; ಕಾಕಾ ಬರೀ ಕಿವಿಯಿಂದ ಹೊಲಿಗೆ ಹಿಡಿದಿದ್ದರು.

ಎಲ್ಲ ಬಿಡಿಸಿ ಹೇಳಿದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಆ ತಪ್ಪು ಇನ್ನೊಮ್ಮಿ ಹಚ್ಚು, ತಮ್ಮಾ.”