ಹಾಲು ಕುಡಿದವರು, ಆಲು ಕುಡಿದವರು

ಬೆಂಗಳೂರಿನ ಮರ್ಯಾದಸ್ಥರ ಮನೆಗಳಲ್ಲಿ ಈಗ ಯಾರೂ ಯಾರ ಜಾತಿಯನ್ನೂ ಕೇಳುವುದಿಲ್ಲ. ಹಾಗೆ ಕೇಳುವುದು ಅಸಭ್ಯತೆ. ಬದಲಿಗೆ ಬಂದವರು ಬಾಯಿ ಬಿಡುವವರೆಗೆ ಕಾಯುತ್ತಾರೆ. 'ಹಾಲು' ಎಂದವರಿಗೆ ಸೋಫಾ, 'ಆಲು' ಎಂದವರಿಗೆ ಪ್ಲಾಸ್ಟಿಕ್ ಕುರ್ಚಿ. ಅಕ್ಕಿಯನ್ನು 'ಹಕ್ಕಿ' ಎಂದುಬಿಟ್ಟರಂತೂ ಒಳಗಿನ ಕೋಣೆಯಿಂದ ಮಕ್ಕಳ ಕಿಸಕಿಸ ಕೇಳಿಸುತ್ತದೆ. ಈ ಹಕಾರ ನಮ್ಮ ಸಿನಿಮಾಗಳಲ್ಲಿ ಎಷ್ಟೋ ಹಾಸ್ಯನಟರ ಹೊಟ್ಟೆ ಹೊರೆದಿದೆ.

ಪಂಪನ ಕಾಲಕ್ಕೆ ಈ ಹಾಲು 'ಪಾಲ್' ಆಗಿತ್ತು. ಪಕಾರ ಹಕಾರವಾದದ್ದಕ್ಕೆ ವ್ಯಾಕರಣದ ಪುಸ್ತಕದಲ್ಲಿ ಒಂದು ಅಧ್ಯಾಯವೇ ಉಂಟು; ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಉಂಟು. ಆ ಹಕಾರ ಮತ್ತೊಂದು ಹೆಜ್ಜೆ ನಡೆದು ಅಕಾರವಾದರೆ ಮಾತ್ರ ನಾಲಿಗೆಯ ದೋಷ, ಮನೆತನದ ದೋಷ. ಪಂಪ ಎದ್ದು ಬಂದರೆ ನಮ್ಮ ಕನ್ನಡ ಮೇಷ್ಟ್ರು 'ಹಾಲು' ಅನ್ನುವುದನ್ನು ಕೇಳಿ ಕಿವಿ ಮುಚ್ಚಿಕೊಂಡಾನು, ಪಾಪ.

ಕುಡಿಯುವ ಶಾಸ್ತ್ರಕ್ಕೂ ಆಗಾಗ ತಿದ್ದುಪಡಿ ಬರುತ್ತಿರುತ್ತದೆ. ಅಜ್ಜಿಯ ಕಾಲದಲ್ಲಿ ಲೋಟ ಕಚ್ಚಿ ಕುಡಿದವರಿಗೆ ಮಡಿಯಿಲ್ಲ, ಮೈಲಿಗೆಯಿಲ್ಲ. ಮೊಮ್ಮಗಳ ಕಾಲದಲ್ಲಿ ಎತ್ತಿ ಗಟಗಟ ಸುರಿದುಕೊಂಡವನು ಹಳ್ಳಿಗಮಾರ. ಸಾಸರಿಗೆ ಚಹಾ ಸುರಿದು ಸುರ್ರೆಂದು ಹೀರುವವನ ಮಾತು ಬಿಡಿ, ಅವನಿಗೆ ಎರಡು ಕಾಲದಲ್ಲೂ ಜಾಗವಿಲ್ಲ.

ಬಡ್ತಿ ಸಿಕ್ಕಿದ್ದು ರಾಗಿಮುದ್ದೆಗೆ. ಅದು ಕೂಲಿಯವರ ಊಟ, ನೆಂಟರು ಬಂದರೆ ಅನ್ನ ಮಾಡಬೇಕು ಎಂಬ ಕಾಲವಿತ್ತು. 1996ರಲ್ಲಿ ದೇವೇಗೌಡರು ಪ್ರಧಾನಿಯಾದಾಗ ಮುದ್ದೆ ದೆಹಲಿಯಲ್ಲಿ ಸುದ್ದಿಯಾಯಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಅದಕ್ಕೆ ಸ್ಟಾರ್ ಹೋಟೆಲಿನ ತಟ್ಟೆಯೂ ಸಿಕ್ಕಿತು. ಆದರೆ ನಿಜವಾದ ಕ್ರಾಂತಿ ಮಾಡಿದವರು ಡಾಕ್ಟರುಗಳು. ಸಕ್ಕರೆ ಕಾಯಿಲೆ ಬಂದ ಮೇಲೆ ಮುದ್ದೆಯ ಜಾತಿ ಹೋಯಿತು. ಈಗ ಅದನ್ನು ಚಮಚದಲ್ಲಿ ಕತ್ತರಿಸಿ, ಅಗಿದು ತಿನ್ನುವವರೂ ಇದ್ದಾರೆ. ಮಂಡ್ಯದ ಪಂಕ್ತಿಯಲ್ಲಿ ಮುದ್ದೆ ಅಗಿಯುವವನನ್ನು ಏನೆಂದುಕೊಳ್ಳುತ್ತಾರೆ ಎಂಬುದು ಇವರಿಗೆ ಗೊತ್ತಿಲ್ಲ.

ನಮ್ಮ ಅಭಿರುಚಿ ಅತಿ ಹೆಚ್ಚು ಬೆವರು ಸುರಿಸಿದ್ದು ಮಾತ್ರ ಕಕ್ಕಸಿನ ವಿಷಯದಲ್ಲಿ. ಕಕ್ಕಸು ಕೀಳಾಯಿತೆಂದು ಲ್ಯಾಟ್ರಿನ್ ಎಂದೆವು. ಅದೂ ನಾತ ಹೊಡೆಯಿತೆಂದು ಟಾಯ್ಲೆಟ್, ಬಾತ್‌ರೂಮ್, ವಾಶ್‌ರೂಮ್. ಈಗ ರೆಸ್ಟ್‌ರೂಮ್‌ವರೆಗೆ ಬಂದಿದ್ದೇವೆ. ಅಲ್ಲಿ ವಿಶ್ರಾಂತಿ ಪಡೆಯುವವರು ಯಾರೋ! ಹೆಸರನ್ನು ಇಷ್ಟು ಸಲ ತೊಳೆದ ನಾವು ಕೋಣೆ ತೊಳೆಯುವ ಕೆಲಸವನ್ನು ಮಾತ್ರ ಅದೇ ಕೇರಿಗೆ ಬಿಟ್ಟಿದ್ದೇವೆ.

1970ರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ, ತಲೆಯ ಮೇಲೆ ಮಲ ಹೊರಿಸುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ಅದಕ್ಕೆ ಮುಂಚೆ ತಲೆಮಾರುಗಟ್ಟಲೆ ಆ ಬುಟ್ಟಿ ಮನೆ ಮುಂದೆ ಹಾದುಹೋಗಿತ್ತು. ಸಭ್ಯರು ಮೂಗು ಮುಚ್ಚಿಕೊಂಡರು, ಬೀದಿಗಿಳಿಯಲಿಲ್ಲ. ಅದೇ ಬಸವಲಿಂಗಪ್ಪ 1973ರಲ್ಲಿ ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬೂಸಾ ತುಂಬಿದೆ ಎಂಬರ್ಥದ ಮಾತಾಡಿದರು. ಶಿವ ಶಿವಾ, ಕೊಟ್ಟಿಗೆಯ ಮಾತು ಸರಸ್ವತಿಯ ಮುಂದೆ! ಆಗ ಇಳಿದರು ನೋಡಿ ಸಭ್ಯರು ಬೀದಿಗೆ. ಪ್ರತಿಭಟನೆ, ಗಲಭೆ, ಹೊಡೆದಾಟ. ಕೊನೆಗೆ ಬಸವಲಿಂಗಪ್ಪ ಮಂತ್ರಿಗಿರಿ ಬಿಡಬೇಕಾಯಿತು. ತಲೆಯ ಮೇಲಿನ ಬುಟ್ಟಿ ಕಂಡು ಬಾರದ ಸಿಟ್ಟು ಬೂಸಾ ಕೇಳಿ ಬಂದಿತ್ತು.

ಐವತ್ತು ವರ್ಷ ಕಳೆದರೂ ನಮ್ಮ ಕಿವಿ ಅಷ್ಟೇ ನಾಜೂಕು. ತಾಯಿ ಸೊಸೆಯ ಮುಂದೆ 'ಉಂಡ್ಯಾ?' ಅಂದರೆ ಮಗ ಕಣ್ಸನ್ನೆ ಮಾಡುತ್ತಾನೆ. ಕೆಲಸದಾಕೆ ಏಕವಚನದಲ್ಲಿ ಮಾತಾಡಿದರೆ ಅದು ಸೊಕ್ಕು; ಯಜಮಾನತಿಯ ಹತ್ತು ವರ್ಷದ ಮಗ ಅವಳನ್ನು 'ಬಾರೇ' ಎಂದರೆ ಸಲಿಗೆ. ಅವಳ ಕಾಫಿಗೆ ಬೇರೆ ಲೋಟ, ಅದು ಸಿಂಕಿನ ಪಕ್ಕದ ಕಿಟಕಿಕಟ್ಟೆಯ ಮೇಲೆ. ಕೇಳಿದರೆ 'ಹೈಜಿನ್' ಅನ್ನುತ್ತಾರೆ. ಮನೆಮಂದಿಯ ಲೋಟಗಳನ್ನೆಲ್ಲ ಎರಡು ಹೊತ್ತೂ ತೊಳೆದಿಡುವುದು ಅವಳದೇ ಕೈ, ಅಲ್ಲಿ ಹೈಜಿನ್ ಪ್ರಶ್ನೆ ಏಳುವುದಿಲ್ಲ. 'ಆಲು' ಅಂದವನಿಗೆ ಸಂಸ್ಕಾರವಿಲ್ಲ ಎಂದ ಬಾಯಿಯಿಂದ ಈ ಲೋಟದ ಬಗ್ಗೆ ಒಂದು ಮಾತೂ ಬರುವುದಿಲ್ಲ. ನಿಮ್ಮ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೂ ಅಂಥದ್ದೊಂದು ಇದ್ದರೆ, ದಯವಿಟ್ಟು ಇವತ್ತೇ ತೆಗೆದು ಉಳಿದ ಲೋಟಗಳ ಜೊತೆ ಇಡಿ.